ಉಯಿಲಿನಲ್ಲಿ ಸಿನಗಾಗ್‌ಗೊಂದು ಪಾಲು

ಅಮೆರಿಕದ ಯೆಹೂದಿ ಪ್ರಾರ್ಥನಾ ಮಂದಿರಗಳು, ಅಂದರೆ ಸಿನಗಾಗ್‌ಗಳು, ಹುಂಡಿಯನ್ನು ನಂಬಿ ನಡೆಯುವ ಸಂಸ್ಥೆಗಳಲ್ಲ. ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರ ಕತ್ತಲಾಗುವವರೆಗಿನ ಸಬ್ಬತ್ ಅವಧಿಯಲ್ಲಿ ಹಣವನ್ನು ಮುಟ್ಟುವುದೇ ಅವರ ಧರ್ಮಶಾಸ್ತ್ರಕ್ಕೆ ನಿಷಿದ್ಧ. ವಾರದಲ್ಲಿ ಹೆಚ್ಚು ಜನ ಸೇರುವ ದಿನವೇ ಕಾಣಿಕೆಯ ತಟ್ಟೆ ಹಿಡಿಯುವಂತಿಲ್ಲ ಎಂದಾಯಿತು. ಹೀಗಾಗಿ ರಬ್ಬಿಯ ಸಂಬಳ, ಮಕ್ಕಳ ಹೀಬ್ರೂ ಪಾಠಶಾಲೆ, ಕಟ್ಟಡದ ದುರಸ್ತಿ, ಚಳಿಗಾಲದ ಇಂಧನದ ಖರ್ಚು ಇವೆಲ್ಲಕ್ಕೂ ಸದಸ್ಯ ಕುಟುಂಬಗಳ ವಾರ್ಷಿಕ ಚಂದಾ ಹಣವೇ ಬಹುಮಟ್ಟಿನ ಆಧಾರ. ಸದಸ್ಯರು ಕಡಿಮೆಯಾದಂತೆ ಉಳಿದವರ ಮೇಲಿನ ಹೊರೆ ಏರುತ್ತದೆ. ಹೊರೆ ಏರಿದಂತೆ ಇನ್ನಷ್ಟು ಮಂದಿ ದೂರ ಸರಿಯುತ್ತಾರೆ. ಅರ್ಥಶಾಸ್ತ್ರ ಓದಿದವರಿಗೆ ಈ ವಿಷವರ್ತುಲ ಅಪರಿಚಿತವಲ್ಲ.

ಇದರಿಂದ ಹೊರಬರಲು ಅಲ್ಲಿನ ಸಮುದಾಯ ಕಂಡುಕೊಂಡಿರುವ ದಾರಿಗಳಲ್ಲಿ ಒಂದು ಉಯಿಲಿನ ಮೂಲಕ ಕೊಡುವ ದತ್ತಿ. ಹೆರಾಲ್ಡ್ ಗ್ರಿನ್‌ಸ್ಪೂನ್ ಪ್ರತಿಷ್ಠಾನವು 2012ರಲ್ಲಿ ಆರಂಭಿಸಿದ ‘ಲೈಫ್ ಅಂಡ್ ಲೆಗಸಿ’ ಎಂಬ ಕಾರ್ಯಕ್ರಮವು ಸಿನಗಾಗ್‌ಗಳಿಗೂ ಇತರ ಯೆಹೂದಿ ಸಂಸ್ಥೆಗಳಿಗೂ ಈ ಕೆಲಸದಲ್ಲಿ ತರಬೇತಿ ನೀಡುತ್ತದೆ; ಗುರಿ ಮುಟ್ಟಿದವರಿಗೆ ಪ್ರೋತ್ಸಾಹಧನವನ್ನೂ ಕೊಡುತ್ತದೆ. ಕೋಟ್ಯಧಿಪತಿಗಳನ್ನು ಹುಡುಕುವುದಕ್ಕಿಂತ, ನಿವೃತ್ತ ಶಿಕ್ಷಕಿ, ಅಂಗಡಿಕಾರ, ಲೆಕ್ಕಪರಿಶೋಧಕ ಇಂಥವರಿಂದ ‘ನನ್ನ ಆಸ್ತಿಯಲ್ಲಿ ಇಂತಿಷ್ಟು ಪಾಲು ನನ್ನ ಸಿನಗಾಗ್‌ಗೆ’ ಎಂಬ ಭರವಸೆಯನ್ನು ಪಡೆಯುವುದು ಇಂಥ ಪ್ರಯತ್ನಗಳ ವೈಶಿಷ್ಟ್ಯ. ಬದುಕಿರುವಾಗ ದೊಡ್ಡ ಮೊತ್ತ ಕೊಡಲಾರದ ಮಧ್ಯಮ ವರ್ಗದವನೂ ಸತ್ತ ಮೇಲೆ ದೊಡ್ಡ ದಾನಿಯಾಗಬಲ್ಲ ಎಂಬುದು ಇದರ ಹಿಂದಿನ ಸರಳ ಲೆಕ್ಕ.

ತೆರಿಗೆ ಉಳಿಸಲೆಂದೇ ಶ್ರೀಮಂತ ದೇಶಗಳವರು ಹೀಗೆ ದಾನ ಮಾಡುತ್ತಾರೆ ಎಂಬ ಗ್ರಹಿಕೆ ನಮ್ಮಲ್ಲಿದೆ. ಅದು ಭಾಗಶಃ ಮಾತ್ರ ನಿಜ. ಅಮೆರಿಕದಲ್ಲಿ ಮೃತರ ಆಸ್ತಿಯ ಮೇಲಿನ ಕೇಂದ್ರ ತೆರಿಗೆಗೆ 2026ರಲ್ಲಿ ತಲಾ ಒಂದೂವರೆ ಕೋಟಿ ಡಾಲರ್‌ವರೆಗೆ ವಿನಾಯಿತಿ ಇದೆ. ಸಾಮಾನ್ಯ ಕುಟುಂಬಕ್ಕೆ ಆ ತೆರಿಗೆಯ ಬಿಸಿ ತಟ್ಟುವುದೇ ಇಲ್ಲ. ಅವರಿಗೆ ಉಪಯೋಗಕ್ಕೆ ಬರುವ ಸಂಗತಿ ಬೇರೆ: ನಿವೃತ್ತಿ ಉಳಿತಾಯ ಖಾತೆಯ ಹಣ ಮಕ್ಕಳಿಗೆ ಹೋದರೆ, ಅದನ್ನು ತೆಗೆದುಕೊಳ್ಳುವಾಗ ಸಾಮಾನ್ಯವಾಗಿ ಆದಾಯ ತೆರಿಗೆ ಕಟ್ಟಬೇಕು, ಧರ್ಮಸಂಸ್ಥೆಗೆ ಹೋದರೆ ಆ ತೆರಿಗೆ ಇಲ್ಲ. ಆದ್ದರಿಂದ ಮನೆಯನ್ನು ಮಕ್ಕಳಿಗೆ ಬಿಟ್ಟು ಉಳಿತಾಯ ಖಾತೆಯ ಒಂದು ಭಾಗಕ್ಕೆ ಸಿನಗಾಗ್‌ ಅನ್ನು ಹಕ್ಕುದಾರನನ್ನಾಗಿ ಹೆಸರಿಸುವುದು ಜಾಣತನ. ಇದಕ್ಕೆ ಉಯಿಲನ್ನು ತಿದ್ದಬೇಕಾಗಿಯೂ ಇಲ್ಲ. ಖಾತೆಯ ನಮೂನೆಯಲ್ಲಿ ಒಂದು ಹೆಸರು ಸೇರಿಸಿದರೆ ಸಾಕು. ಬ್ರಿಟನ್ ಇನ್ನೂ ನೇರವಾಗಿದೆ. 2012ರ ಏಪ್ರಿಲ್‌ನಿಂದ ಅಲ್ಲಿ ತೆರಿಗೆಗೆ ಒಳಪಡುವ ಆಸ್ತಿಯ ಶೇ 10ರಷ್ಟನ್ನು ಧರ್ಮಕಾರ್ಯಕ್ಕೆ ಬಿಟ್ಟುಹೋದವರಿಗೆ ಉತ್ತರಾಧಿಕಾರ ತೆರಿಗೆಯ ದರ ಶೇ 40ರಿಂದ ಶೇ 36ಕ್ಕೆ ಇಳಿಯುತ್ತದೆ. ಭಾರತದಲ್ಲಿ 1953ರ ಕಾಯ್ದೆಯಿಂದ ಬಂದಿದ್ದ ಎಸ್ಟೇಟ್ ಸುಂಕವು 1985ರಲ್ಲಿ ರದ್ದಾದ್ದರಿಂದ ಈ ಬಗೆಯ ಆಮಿಷದ ಪ್ರಶ್ನೆಯೇ ಇಲ್ಲ.

ತೆರಿಗೆಗಿಂತ ಕುತೂಹಲಕರವಾದುದು ಯೆಹೂದಿ ಧರ್ಮಶಾಸ್ತ್ರವೇ ಈ ವಿಷಯದಲ್ಲಿ ಎರಡು ದನಿಯಲ್ಲಿ ಮಾತಾಡುವುದು. ತಾಲ್ಮುದ್‌ನಲ್ಲಿ ಮಾರ್ ಉಕ್ವ ಎಂಬ ದಾನಿಯ ಪ್ರಸಂಗ ಬರುತ್ತದೆ. ಮರಣಕಾಲದಲ್ಲಿ ಆತ ತನ್ನ ದಾನದ ಲೆಕ್ಕವನ್ನು ತರಿಸಿ ನೋಡಿ, ಹೊರಟಿರುವುದು ದೂರದ ಪಯಣ, ಕಟ್ಟಿಕೊಂಡ ಬುತ್ತಿ ಸಾಲದು ಎಂದು ಆಸ್ತಿಯ ಅರ್ಧವನ್ನು ದಾನ ಮಾಡಿಬಿಟ್ಟ. ಐದನೆಯ ಒಂದು ಪಾಲಿಗಿಂತ ಹೆಚ್ಚು ದಾನ ಮಾಡಬಾರದೆಂಬ ಹಿರಿಯರ ನಿಯಮ ಇದರಿಂದ ಮುರಿಯಲಿಲ್ಲವೇ ಎಂಬ ಆಕ್ಷೇಪವನ್ನು ಗ್ರಂಥವೇ ಎತ್ತುತ್ತದೆ. ಆ ಮಿತಿ ಬದುಕಿರುವವನು ದಾನ ಮಾಡಿ ತಾನೇ ದರಿದ್ರನಾಗದಿರಲಿ ಎಂಬುದಕ್ಕಾಗಿ. ಸಾಯುವವನಿಗೆ ಆ ಭಯವಿಲ್ಲ ಎಂಬುದು ಸಮಾಧಾನ. ಇನ್ನೊಂದೆಡೆ, ಅದಕ್ಕೂ ಹಿಂದಿನ ಮಿಶ್ನಾ ಗ್ರಂಥವು ಮಕ್ಕಳನ್ನು ಬಿಟ್ಟು ಹೊರಗಿನವರಿಗೆ ಆಸ್ತಿ ಬರೆದವನ ಬಗ್ಗೆ, ಮಾಡಿದ್ದು ಊರ್ಜಿತವೇ ಹೌದು, ಆದರೆ ಜ್ಞಾನಿಗಳ ಮನಸ್ಸಿಗೆ ಅದು ಒಪ್ಪಿತವಲ್ಲ ಎನ್ನುತ್ತದೆ. ಕಾನೂನಿನ ಸಿಂಧುತ್ವ ಬೇರೆ, ಹಿರಿಯರ ಮೆಚ್ಚುಗೆ ಬೇರೆ. ಈ ವ್ಯತ್ಯಾಸವನ್ನು ಇಷ್ಟು ಚಿಕ್ಕದಾಗಿ ಹೇಳಿದ ಶಾಸ್ತ್ರ ನನಗೆ ಬೇರೆ ಕಂಡಿಲ್ಲ. ಸಿನಗಾಗ್‌ಗೆ ಒಂದು ಪಾಲು ಎಂಬ ಇಂದಿನ ರೂಢಿ ಈ ಎರಡು ದನಿಗಳ ನಡುವಿನ ರಾಜಿ.

ಆದರೆ ಕೊಡುವವನ ಮನಸ್ಸು ಎಷ್ಟು ಸ್ಪಷ್ಟವಾಗಿದ್ದರೂ ಸಾಲದು. ಅವನು ಇಲ್ಲದಾಗ ಅದನ್ನು ನಡೆಸಿಕೊಡುವ ಪ್ರಭುತ್ವದ ಧರ್ಮಬುದ್ಧಿಯೂ ನೆಟ್ಟಗಿರಬೇಕು. ಲಂಡನ್ನಿನಲ್ಲಿ ಎಲಿಯಾಸ್ ಡಿ ಪಾಜ್ ಎಂಬ ಯೆಹೂದಿ ತನ್ನ ಉಯಿಲಿನಲ್ಲಿ 1,200 ಪೌಂಡುಗಳನ್ನು ಯೆಹೂದಿ ಧರ್ಮಶಾಸ್ತ್ರದ ಅಧ್ಯಯನ ಕೂಟವೊಂದಕ್ಕೆ ಬಿಟ್ಟುಹೋದ. ಪ್ರಕರಣ 1740ರ ದಶಕದಲ್ಲಿ ಚಾನ್ಸರಿ ನ್ಯಾಯಾಲಯದಲ್ಲಿ ಲಾರ್ಡ್ ಹಾರ್ಡ್ವಿಕ್ ಅವರ ಮುಂದೆ ಬಂತು. ಕ್ರೈಸ್ತ ಧರ್ಮ ಇಂಗ್ಲೆಂಡಿನ ಕಾನೂನಿನ ಅಂಗ, ಅದಕ್ಕೆ ವಿರುದ್ಧವಾದ ಧರ್ಮದ ಪ್ರಸಾರಕ್ಕೆ ಬಿಟ್ಟ ಹಣ ಸಿಂಧುವಲ್ಲ ಎಂದು ಅವರು ತೀರ್ಮಾನಿಸಿದರು. ಹಾಗಾದರೆ ಹಣ ವಾರಸುದಾರರಿಗೆ ಮರಳಬೇಕಿತ್ತಲ್ಲವೇ? ಹಾಗಾಗಲಿಲ್ಲ. ದಾನಿಯ ಉದ್ದೇಶ ಧರ್ಮಕಾರ್ಯವೇ ಆಗಿದ್ದರಿಂದ ಅದನ್ನು ಬೇರೊಂದು ಧರ್ಮಕಾರ್ಯಕ್ಕೆ ವಿನಿಯೋಗಿಸುವ ಅಧಿಕಾರ ರಾಜನಿಗಿದೆ ಎಂದಾಯಿತು. ಕೊನೆಗೆ ಅದರಲ್ಲಿ 1,000 ಪೌಂಡು ಲಂಡನ್ನಿನ ಅನಾಥಾಲಯವೊಂದಕ್ಕೆ, ಅಲ್ಲಿನ ಮಕ್ಕಳಿಗೆ ಕ್ರೈಸ್ತ ಧರ್ಮವನ್ನು ಬೋಧಿಸುವ ಸಲುವಾಗಿ, ಸಂದಾಯವಾಯಿತು. ತೋರಾ ಓದಿಸಲೆಂದು ಇಟ್ಟ ಹಣದಲ್ಲಿ ಬೈಬಲ್ ಪಾಠ ನಡೆಯಿತು! ಇಂಗ್ಲೆಂಡಿನ ಯೆಹೂದ್ಯರು ಇಂಥ ದತ್ತಿಗಳ ವಿಷಯದಲ್ಲಿ ಸಮಾನ ನೆಲೆಗೆ ಬರಲು 1846ರ ಕಾಯ್ದೆಯವರೆಗೆ ಕಾಯಬೇಕಾಯಿತು.

ಇದಕ್ಕೆ ಎದುರಾಗಿ ಇಡಬೇಕಾದ ಚಿತ್ರ ಅಮೆರಿಕದ ರೋಡ್ ಐಲೆಂಡ್ ರಾಜ್ಯದ ನ್ಯೂಪೋರ್ಟ್ ಪಟ್ಟಣದ್ದು. ಅಲ್ಲಿ 1763ರಲ್ಲಿ ಪ್ರಾರಂಭೋತ್ಸವ ಕಂಡ ಸಿನಗಾಗ್ ಇಂದು ಆ ದೇಶದಲ್ಲಿ ಉಳಿದಿರುವ ಸಿನಗಾಗ್ ಕಟ್ಟಡಗಳಲ್ಲೇ ಅತ್ಯಂತ ಹಳೆಯದು. ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ 1790ರಲ್ಲಿ ಧರ್ಮಸ್ವಾತಂತ್ರ್ಯದ ಬಗ್ಗೆ ಬರೆದ ಪ್ರಸಿದ್ಧ ಪತ್ರ ಈ ಊರಿನ ಯೆಹೂದಿ ಸಭೆಗೇ. ಆದರೆ ಕ್ರಾಂತಿ ಯುದ್ಧದ ನಂತರ ಬಂದರಿನ ವ್ಯಾಪಾರ ಕುಸಿದು, ಯೆಹೂದಿ ಕುಟುಂಬಗಳು ಒಂದೊಂದಾಗಿ ಊರು ಬಿಟ್ಟವು. 1820ರ ದಶಕದ ಆರಂಭಕ್ಕೆ ಕಟ್ಟಡವಿತ್ತು, ಪ್ರಾರ್ಥಿಸುವವರು ಇರಲಿಲ್ಲ.

ಆ ಸಿನಗಾಗ್‌ನ ಪ್ರಾರ್ಥನಾ ನಾಯಕನಾಗಿದ್ದ ಐಸಾಕ್ ಟೂರೊನ ಮಗ ಅಬ್ರಹಾಂ ಬೋಸ್ಟನ್ನಿನ ವ್ಯಾಪಾರಿ. 1822ರಲ್ಲಿ ಆತ ತೀರಿಕೊಂಡಾಗ ಉಯಿಲಿನಲ್ಲಿ ಎರಡು ವಿಲಕ್ಷಣ ದತ್ತಿಗಳಿದ್ದವು. ಸಿನಗಾಗ್‌ನ ರಕ್ಷಣೆಗೆಂದು 10,000 ಡಾಲರುಗಳನ್ನು ಅವನು ವಹಿಸಿದ್ದು ರೋಡ್ ಐಲೆಂಡಿನ ಶಾಸನಸಭೆಗೆ. ಇನ್ನು 5,000 ಡಾಲರು ಊರಿನ ಆಡಳಿತಕ್ಕೆ, ಸಿನಗಾಗ್ ಮತ್ತು ಯೆಹೂದಿ ರುದ್ರಭೂಮಿ ಇರುವ ಬೀದಿಯ ದುರಸ್ತಿಗಾಗಿ. ಯೋಚಿಸಿ ನೋಡಿ: ಭಕ್ತರೇ ಇಲ್ಲದ ಮಂದಿರಕ್ಕೆ ದತ್ತಿ, ಅದರ ಧರ್ಮದರ್ಶಿ ಅನ್ಯಧರ್ಮೀಯರೇ ತುಂಬಿದ ಶಾಸನಸಭೆ! ವ್ಯವಹಾರ ಬಲ್ಲವರು ಯಾರೂ ಕೊಡದ ಸಲಹೆ. ಆದರೆ ಶಾಸನಸಭೆ ಹಣವನ್ನು ಸ್ವೀಕರಿಸಿ, ಅದರ ಆದಾಯದಿಂದ ಕಟ್ಟಡವನ್ನು ಕಾಪಾಡುವ ವ್ಯವಸ್ಥೆ ಮಾಡಿತು. ಲಂಡನ್ನಿನಲ್ಲಿ ಪ್ರಭುತ್ವ ಯೆಹೂದಿಯ ದತ್ತಿಯನ್ನು ಕಿತ್ತುಕೊಂಡು ಶತಮಾನವೂ ಕಳೆದಿರಲಿಲ್ಲ, ಇಲ್ಲಿ ಇನ್ನೊಂದು ಪ್ರಭುತ್ವ ಅದರ ಕಾವಲುಗಾರನಾಯಿತು. 1880ರ ದಶಕದಲ್ಲಿ ಪೂರ್ವ ಯೂರೋಪಿನಿಂದ ವಲಸೆ ಬಂದ ಯೆಹೂದ್ಯರು ನ್ಯೂಪೋರ್ಟಿಗೆ ಬಂದಾಗ, ಬಾಗಿಲು ತೆರೆದು ಒಳಹೋಗಲು ಒಂದು ಸಿನಗಾಗ್ ಅವರಿಗಾಗಿ ನಿಂತಿತ್ತು. ಉಯಿಲಿನ ದತ್ತಿಗೆ ಇದಕ್ಕಿಂತ ಬಲವಾದ ಸಮರ್ಥನೆಯನ್ನು ನಾನು ಕಾಣೆ.

ಅವನ ಸೋದರ ಜೂಡಾ ಟೂರೊ ನ್ಯೂ ಆರ್ಲಿಯನ್ಸಿನಲ್ಲಿ ಸಂಪತ್ತು ಗಳಿಸಿದವನು, ಅವಿವಾಹಿತ. 1854ರ ಜನವರಿಯಲ್ಲಿ ತೀರಿಕೊಳ್ಳುವ ಕೆಲವೇ ದಿನ ಮೊದಲು ಬರೆದ ಉಯಿಲಿನಲ್ಲಿ ಅಮೆರಿಕದ ಹಲವು ನಗರಗಳ ಸಿನಗಾಗ್‌ಗಳಿಗೆ, ಆಸ್ಪತ್ರೆಗಳಿಗೆ, ಯೆಹೂದಿಯೇತರ ಸಂಸ್ಥೆಗಳಿಗೂ ಪಾಲು ಹಂಚಿದ. ನ್ಯೂಪೋರ್ಟಿನ ಸಿನಗಾಗ್‌ಗೆ ಅರ್ಚಕನ ಸಂಬಳಕ್ಕೆಂದೇ 10,000 ಡಾಲರು ಬಿಟ್ಟ. ಜೆರುಸಲೇಮಿನ ಬಡ ಯೆಹೂದ್ಯರ ಸಲುವಾಗಿ 60,000 ಡಾಲರು ಎತ್ತಿಟ್ಟು, ಅದನ್ನು ಹೇಗೆ ವಿನಿಯೋಗಿಸಬೇಕೆಂಬ ವಿವೇಚನೆಯನ್ನು ಬಹುಮಟ್ಟಿಗೆ ಲಂಡನ್ನಿನ ಮೋಸೆಸ್ ಮಾಂಟೆಫಿಯೋರ್ ಅವರಿಗೆ ಒಪ್ಪಿಸಿದ. ಆಸ್ಪತ್ರೆಯ ಯೋಚನೆ ಮೊದಲು ಇತ್ತು. ಅಂತಿಮವಾಗಿ ಎದ್ದುನಿಂತದ್ದು ಹಳೆಯ ನಗರದ ಕೋಟೆಯ ಹೊರಗೆ ಕಟ್ಟಿದ ಮೊದಲ ಯೆಹೂದಿ ವಸತಿ ಸಾಲು, 1860ರ ಮಿಷ್ಕೆನೋತ್ ಶಾನನೀಮ್. ಉದ್ದೇಶವನ್ನು ಹಿಗ್ಗಾಗಿ ಬರೆದು, ನಂಬಿಗಸ್ತನ ಕೈಗೆ ಕೊಟ್ಟದ್ದರ ಫಲವಿದು.

ನ್ಯೂಪೋರ್ಟಿನ ಕತೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಊರು ಖಾಲಿಯಾದಾಗ ಸಿನಗಾಗ್‌ನ ಆಸ್ತಿಯ ಜವಾಬ್ದಾರಿ ನ್ಯೂಯಾರ್ಕಿನ ಶೆರಿತ್ ಇಸ್ರೇಲ್ ಎಂಬ ಹಳೆಯ ಸಭೆಗೆ ಸೇರಿತ್ತು. ಹೊಸದಾಗಿ ಬಂದು ನೆಲೆಸಿದ ನ್ಯೂಪೋರ್ಟಿನ ಸಭೆಗೂ ಅದಕ್ಕೂ 1903ರಲ್ಲೇ ರಾಜಿ ಆಗಿ, ವರ್ಷಕ್ಕೆ ಒಂದು ಡಾಲರಿನ ಬಾಡಿಗೆಯ ಮೇಲೆ ಕಟ್ಟಡ ಬಿಟ್ಟುಕೊಟ್ಟದ್ದಾಯಿತು. ಶತಮಾನದ ನಂತರ ಸ್ಥಳೀಯ ಸಭೆಗೆ ಹಣದ ಮುಗ್ಗಟ್ಟು ಬಂತು. ತೋರಾ ಸುರುಳಿಯ ತುದಿಗೆ ತೊಡಿಸುವ ಗೆಜ್ಜೆಯುಳ್ಳ ಬೆಳ್ಳಿಯ ಆಭರಣದ ಒಂದು ಜೋಡಿ, ಹದಿನೆಂಟನೆಯ ಶತಮಾನದ ಬೆಳ್ಳಿ ಕುಶಲಕರ್ಮಿ ಮೈಯರ್ ಮೈಯರ್ಸ್ ಮಾಡಿದ್ದು, ಅವರ ಬಳಿ ಇತ್ತು. ಅದನ್ನು ಬೋಸ್ಟನ್ನಿನ ಕಲಾ ವಸ್ತುಸಂಗ್ರಹಾಲಯಕ್ಕೆ 74 ಲಕ್ಷ ಡಾಲರಿಗೆ ಮಾರಿ ಶಾಶ್ವತ ನಿಧಿಯೊಂದನ್ನು ಸ್ಥಾಪಿಸಲು ಅವರು ಮುಂದಾದರು. ನ್ಯೂಯಾರ್ಕಿನವರು ಆಭರಣ ತಮ್ಮದೆಂದರು. 2016ರಲ್ಲಿ ಜಿಲ್ಲಾ ನ್ಯಾಯಾಲಯ ಸ್ಥಳೀಯರ ಪರ ತೀರ್ಪಿತ್ತು, ಹಳೆಯ ಉಯಿಲು ದಾಖಲೆಗಳ ಆಧಾರದ ಮೇಲೆ ನ್ಯೂಯಾರ್ಕಿನ ಸಭೆ ಕೇವಲ ಧರ್ಮದರ್ಶಿ ಎಂದಿತು. 2017ರಲ್ಲಿ ಮೇಲ್ಮನವಿ ನ್ಯಾಯಾಲಯ, ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಡೇವಿಡ್ ಸೌಟರ್ ಬರೆದ ತೀರ್ಪಿನಲ್ಲಿ, ಅದನ್ನು ತಿರುಗುಮುರುಗು ಮಾಡಿತು: ಇಪ್ಪತ್ತನೆಯ ಶತಮಾನದ ಕರಾರುಪತ್ರಗಳು ಸ್ಪಷ್ಟವಾಗಿರುವಾಗ ಹಿಂದಿನ ಇತಿಹಾಸವನ್ನು ಕೆದಕಬೇಕಾಗಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಮಧ್ಯಪ್ರವೇಶಿಸಲು ನಿರಾಕರಿಸಿತು. ಎರಡೂ ಕಡೆಯ ವಕೀಲರ ಖರ್ಚನ್ನು ಕೂಡಿಸಿದರೆ ಒಂದು ಸಣ್ಣ ನಿಧಿಯೇ ಆಗಿದ್ದೀತು ಎಂಬುದು ಆಡಳಿತದಲ್ಲಿದ್ದವನ ಮನಸ್ಸಿಗೆ ಹೊಳೆಯದೆ ಇರದು.

ಇಲ್ಲೂ ಶಾಸ್ತ್ರಕ್ಕೆ ಹೇಳಲು ಮಾತಿದೆ. ಮಿಶ್ನಾದ ಪ್ರಕಾರ ಊರವರು ಚೌಕವನ್ನು ಮಾರಿದ ಹಣದಲ್ಲಿ ಸಿನಗಾಗ್ ಕೊಳ್ಳಬಹುದು, ಸಿನಗಾಗ್ ಮಾರಿದ ಹಣದಲ್ಲಿ ತೋರಾ ಇಡುವ ಪೆಟ್ಟಿಗೆ, ಪೆಟ್ಟಿಗೆ ಮಾರಿ ಅದರ ವಸ್ತ್ರ, ವಸ್ತ್ರ ಮಾರಿ ಗ್ರಂಥ, ಗ್ರಂಥ ಮಾರಿ ತೋರಾ. ಪಾವಿತ್ರ್ಯದಲ್ಲಿ ಮೇಲಕ್ಕೆ ಏರಬಹುದೇ ಹೊರತು ಇಳಿಯುವಂತಿಲ್ಲ. ತೋರಾದ ಆಭರಣ ಮಾರಿ ನಿತ್ಯದ ಖರ್ಚು ತೂಗಿಸುವುದು ಯಾವ ದಿಕ್ಕಿನ ಚಲನೆ ಎಂದು ನಾನು ತೀರ್ಪು ಕೊಡಲಾರೆ. ಹಿಂದಿನ ಎರಡು ಮೂರು ತಲೆಮಾರಿನ ಸದಸ್ಯರು ತಮ್ಮ ಉಯಿಲುಗಳಲ್ಲಿ ಸಣ್ಣ ಸಣ್ಣ ಪಾಲು ಬಿಟ್ಟುಹೋಗಿದ್ದರೆ ಆ ಪ್ರಶ್ನೆ ಬಹುಶಃ ಏಳುತ್ತಲೇ ಇರಲಿಲ್ಲ ಎಂದಷ್ಟೇ ಹೇಳಬಲ್ಲೆ.

ನಮ್ಮ ದೇಶದ ಯೆಹೂದ್ಯರ ಕತೆಗೂ ನ್ಯೂಪೋರ್ಟಿನದಕ್ಕೂ ಸಾಮ್ಯವಿದೆ. ಮುಂಬಯಿಯ ಮೊದಲ ಸಿನಗಾಗನ್ನು 1796ರಲ್ಲಿ ಕಟ್ಟಿಸಿದ ಸ್ಯಾಮ್ಯುಯೆಲ್ ದಿವೇಕರ್ ಕಂಪನಿ ಸೈನ್ಯದ ಬೆನೆ ಇಸ್ರೇಲಿ ಅಧಿಕಾರಿ. ಎರಡನೆಯ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆಯಾಳಾಗಿ ಬದುಕುಳಿದದ್ದಕ್ಕೆ ಹೊತ್ತ ಹರಕೆ ಅದೆಂದು ಆ ಸಮುದಾಯ ಇಂದಿಗೂ ಹೇಳಿಕೊಳ್ಳುತ್ತದೆ. ಬಗ್ದಾದಿನಿಂದ ಬಂದ ಸಸೂನ್ ಮನೆತನ ಬೈಕುಲಾದಲ್ಲಿ, ಪುಣೆಯಲ್ಲಿ ಭವ್ಯ ಸಿನಗಾಗ್‌ಗಳನ್ನು ಕಟ್ಟಿಸಿತು. ಮುಂಬಯಿ ಕೋಟೆ ಪ್ರದೇಶದ ಕೆನೆಸೆತ್ ಎಲಿಯಾಹೂ 1884ರಲ್ಲಿ ಜೇಕಬ್ ಸಸೂನ್ ಕಟ್ಟಿಸಿದ್ದು. 1948ರ ನಂತರ ಬಹುಪಾಲು ಯೆಹೂದ್ಯರು ಇಸ್ರೇಲಿಗೂ ಇತರ ದೇಶಗಳಿಗೂ ತೆರಳಿದರು, ಇಂದು ದೇಶದಲ್ಲಿರುವವರು ಕೆಲವೇ ಸಾವಿರ. ಆದರೂ ಸಸೂನ್ ಹೆಸರಿನ ದತ್ತಿ ಇರುವುದರಿಂದ ಆ ಕಟ್ಟಡಗಳಿಗೆ ಕೇಳುವವರಿದ್ದಾರೆ. ಕೆನೆಸೆತ್ ಎಲಿಯಾಹೂ ಜೀರ್ಣೋದ್ಧಾರಗೊಂಡು 2019ರಲ್ಲಿ ಮತ್ತೆ ತೆರೆಯಿತು. ದತ್ತಿಯ ಬಲವಿಲ್ಲದ ಮಲಬಾರಿನ ಕೆಲವು ಹಳೆಯ ಸಿನಗಾಗ್‌ಗಳು ಉಳಿದದ್ದು ಸರ್ಕಾರ ವಹಿಸಿಕೊಂಡು ವಸ್ತುಸಂಗ್ರಹಾಲಯ ಮಾಡಿದ್ದರಿಂದ.

ಭಾರತದ ಯೆಹೂದಿ ಹೀಗೆ ದತ್ತಿ ಬರೆಯಲು 2003ರವರೆಗೆ ಕಾನೂನಿನ ತೊಡಕೊಂದಿತ್ತು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 118ನೇ ಕಲಮಿನ ಪ್ರಕಾರ, ಅಣ್ಣತಮ್ಮ ಅಕ್ಕತಂಗಿಯರ ಮಕ್ಕಳೋ ಅದಕ್ಕಿಂತ ಹತ್ತಿರದ ಬಂಧುಗಳೋ ಇರುವವನು ಧರ್ಮಕಾರ್ಯಕ್ಕೆ ಆಸ್ತಿ ಬರೆಯಬೇಕಾದರೆ, ಸಾಯುವುದಕ್ಕೆ ಕನಿಷ್ಠ ಹನ್ನೆರಡು ತಿಂಗಳು ಮೊದಲೇ ಉಯಿಲು ಬರೆದಿರಬೇಕು, ಬರೆದ ಆರು ತಿಂಗಳೊಳಗೆ ಅದನ್ನು ಸೂಕ್ತ ಕಚೇರಿಯಲ್ಲಿ ಠೇವಣಿ ಇಟ್ಟಿರಬೇಕು. ಸಾವಿನ ದಿನವನ್ನು ಮೊದಲೇ ತಿಳಿದಿರಬೇಕೆಂದು ಶಾಸನ ಬಯಸಿದಂತಾಯಿತು! ಹಿಂದೂ, ಬೌದ್ಧ, ಸಿಖ್, ಜೈನ, ಮುಸ್ಲಿಮರಿಗೆ ಇದು ಅನ್ವಯಿಸುತ್ತಿರಲಿಲ್ಲ. ಪಾರ್ಸಿಗಳನ್ನು 1991ರಲ್ಲಿ ಹೊರಗಿಟ್ಟರು. ಉಳಿದವರು ಕ್ರೈಸ್ತರು ಮತ್ತು ಯೆಹೂದ್ಯರು. ಇದರ ಮೂಲ ಇಂಗ್ಲೆಂಡಿನ 1736ರ ಕಾಯ್ದೆ. ಮರಣಶಯ್ಯೆಯಲ್ಲಿರುವವನ ಭೀತಿಯನ್ನು ಪುರೋಹಿತರು ದುರುಪಯೋಗಪಡಿಸಿಕೊಂಡು ಜಮೀನನ್ನೆಲ್ಲ ಧರ್ಮಸಂಸ್ಥೆಗೆ ಬರೆಸಿಕೊಂಡಾರು ಎಂಬ ಆತಂಕ ಅದರ ಹಿಂದಿತ್ತು. ಇಂಗ್ಲೆಂಡ್ ಅದನ್ನು 1960ರಲ್ಲಿ ಕೈಬಿಟ್ಟರೂ ನಾವು ಇಟ್ಟುಕೊಂಡಿದ್ದೆವು. ಜಾನ್ ವಳ್ಳಮಟ್ಟಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2003ರ ಜುಲೈನಲ್ಲಿ ಆ ಕಲಮು ಸಮಾನತೆಯ ಹಕ್ಕಿಗೆ ವಿರುದ್ಧವೆಂದು ರದ್ದುಪಡಿಸಿತು. ತೀರ್ಪು ಸರಿಯಾದುದೇ. ಆದರೆ ಹಳೆಯ ಆತಂಕ ಸುಳ್ಳಾಗಿರಲಿಲ್ಲ. ವೃದ್ಧರ ಹಾಸಿಗೆಯ ಪಕ್ಕ ಕುಳಿತು ದತ್ತಿಯ ಮಾತೆತ್ತುವವರು ಎಲ್ಲ ಧರ್ಮಗಳಲ್ಲೂ ಇದ್ದಾರೆ. ಅಮೆರಿಕದ ಅಭಿಯಾನಗಳಲ್ಲಿ ನನಗೆ ಮೆಚ್ಚುಗೆಯಾಗುವುದು ಈ ಮಾತನ್ನು ಐವತ್ತು ಅರವತ್ತರ ವಯಸ್ಸಿನಲ್ಲಿ, ಆರೋಗ್ಯವಂತರ ಮುಂದೆ, ಬಹಿರಂಗವಾಗಿ ಎತ್ತುವ ರೀತಿ.

ಸೇವೆಯಲ್ಲಿದ್ದಾಗ ನಮ್ಮ ದೇವಸ್ಥಾನಗಳ ಹಳೆಯ ದತ್ತಿಗಳ ಕಡತಗಳನ್ನು ಹಲವು ಬಾರಿ ನೋಡಿದ್ದೇನೆ. ನಂದಾದೀಪದ ಎಣ್ಣೆಗೆಂದು ವರ್ಷಕ್ಕೆ ಹನ್ನೆರಡು ರೂಪಾಯಿ, ರಥೋತ್ಸವದ ಹೂವಿಗೆಂದು ಐದು ರೂಪಾಯಿ. ಬರೆದ ಕಾಲಕ್ಕೆ ಅದು ಸಣ್ಣ ಹಣವಲ್ಲ. ಹಣದುಬ್ಬರ ಅದನ್ನು ತಿಂದುಹಾಕಿ ಈಗ ಒಂದು ದಿನದ ಎಣ್ಣೆಗೂ ಸಾಲದು. ಸಿನಗಾಗ್‌ಗೆ ಬರೆಯುವವರಿಗೂ ಇದೇ ಪಾಠ ಅನ್ವಯಿಸುತ್ತದೆ. ಇಷ್ಟು ಡಾಲರು ಎಂದು ಬರೆಯುವುದಕ್ಕಿಂತ ಆಸ್ತಿಯ ಶೇಕಡ ಇಷ್ಟು ಎಂದು ಬರೆಯುವುದು ಮೇಲು. ಸಾವು ಇಪ್ಪತ್ತು ವರ್ಷ ತಡವಾದರೂ ಪಾಲಿನ ಅರ್ಥ ಉಳಿಯುತ್ತದೆ. ವೈದ್ಯಕೀಯ ಖರ್ಚಿನಿಂದ ಆಸ್ತಿ ಕರಗಿದರೆ ಮಕ್ಕಳ ಪಾಲೂ ಸಿನಗಾಗ್‌ನ ಪಾಲೂ ಒಟ್ಟಿಗೆ ಕರಗುತ್ತವೆ, ಒಬ್ಬರಿಗೆ ಮಾತ್ರ ಅನ್ಯಾಯವಾಗದು.

ಇನ್ನೂ ಮುಖ್ಯವಾದುದು, ಪಡೆಯುವ ಸಂಸ್ಥೆಯೇ ಇಲ್ಲವಾದರೆ ಏನು ಎಂಬ ಪ್ರಶ್ನೆ. ಅಮೆರಿಕದ ಸಣ್ಣ ಊರುಗಳ ಸಿನಗಾಗ್‌ಗಳು ಒಂದರಲ್ಲೊಂದು ವಿಲೀನವಾಗುತ್ತಿವೆ, ಕೆಲವು ಕಟ್ಟಡ ಮಾರಿ ಮುಚ್ಚುತ್ತಿವೆ. ಉಯಿಲಿನಲ್ಲಿ ಸಂಸ್ಥೆಯ ನೋಂದಾಯಿತ ಹೆಸರನ್ನು ಬರೆದು, ವಿಲೀನವಾದರೆ ಉತ್ತರಾಧಿಕಾರಿ ಸಂಸ್ಥೆಗೆ, ಮುಚ್ಚಿದರೆ ಇಂಥ ಎರಡನೆಯ ಉದ್ದೇಶಕ್ಕೆ ಎಂದು ಸೇರಿಸದಿದ್ದರೆ, ದಾನಿಯ ಇಚ್ಛೆಗೆ ಹತ್ತಿರವಾದುದು ಯಾವುದೆಂದು ನ್ಯಾಯಾಲಯ ಊಹಿಸಬೇಕಾಗುತ್ತದೆ. ಡಿ ಪಾಜ್‌ನ ಹಣದ ಬಗ್ಗೆ ಅಂಥ ಊಹೆ ಎಲ್ಲಿಗೆ ಹೋಯಿತೆಂದು ನೋಡಿದ್ದೇವೆ. ಮೊದಲು ಸಭೆಯ ಹಳೆಯ ರುದ್ರಭೂಮಿಯ ಕಾಳಜಿಗೆ, ಉಳಿದದ್ದು ಹತ್ತಿರದ ನಗರದ ಯೆಹೂದಿ ಶಾಲೆಗೆ ಎಂದು ಬರೆಯುವವರಿದ್ದಾರೆ. ಸತ್ತವರನ್ನು ನೋಡಿಕೊಳ್ಳಲು ಮುಂದೆ ಯಾರೂ ಉಳಿಯದಿರಬಹುದು ಎಂಬ ಅರಿವಿನಿಂದ ಬಂದ ವಿವೇಕವಿದು.

ಮಕ್ಕಳಿಗೆ ಮೊದಲೇ ಹೇಳಬೇಕೇ ಎಂದು ಕೇಳುವವರಿದ್ದಾರೆ. ಹೇಳಲೇಬೇಕು. ಉಯಿಲು ಒಡೆದಾಗ ಮೊದಲ ಬಾರಿಗೆ ತಿಳಿದ ದತ್ತಿಯೇ ಹೆಚ್ಚಾಗಿ ಕೋರ್ಟಿನ ಮೆಟ್ಟಿಲು ಹತ್ತುತ್ತದೆ. ಆಸ್ತಿಯ ಜೊತೆಗೆ ತನ್ನ ನಂಬಿಕೆ, ಬಯಕೆಗಳನ್ನು ಪತ್ರರೂಪದಲ್ಲಿ ಮಕ್ಕಳಿಗೆ ಬರೆದಿಡುವ ಪದ್ಧತಿ ಯೆಹೂದ್ಯರಲ್ಲಿ ಮಧ್ಯಯುಗದಿಂದಲೂ ಇದೆ; ಅದಕ್ಕೆ ಕಾನೂನಿನ ಬಲವಿಲ್ಲ, ಆದರೆ ಯಾಕೆ ಕೊಟ್ಟೆ ಎಂಬುದಕ್ಕೆ ಅಪ್ಪನ ಕೈಬರಹದಲ್ಲೇ ಉತ್ತರ ಸಿಗುತ್ತದೆ. ಭಾರತದಲ್ಲಿ ಬರೆಯುವವರಿಗೆ ಬೇಕಾದದ್ದು ಇನ್ನೂ ಕಡಿಮೆ: ಸ್ವಸ್ಥಚಿತ್ತ, ತಮ್ಮ ಸಹಿ, ಇಬ್ಬರು ಸಾಕ್ಷಿಗಳು. ನೋಂದಣಿ ಕಡ್ಡಾಯವಲ್ಲ. ಆದರೆ 1908ರ ನೋಂದಣಿ ಕಾಯ್ದೆಯ ಪ್ರಕಾರ ಉಯಿಲನ್ನು ಮೊಹರು ಮಾಡಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಯ ಬಳಿ ಠೇವಣಿ ಇಡುವ ಅವಕಾಶ ಇಂದಿಗೂ ಇದೆ. ಬಳಸುವವರು ಮಾತ್ರ ವಿರಳ.